ಕಣಿಯೋ, ಗುಂಡಿಯೋ, ಬಾವಿಯೋ?

ಶಬ್ದಾರ್ಥವನ್ನು ಕೇಳಿಕೊಂಡು ಕನ್ನಡ ಪಂಡಿತನ ಬಳಿಗೆ ಬರುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳು. ಪರೀಕ್ಷೆ ಸಮೀಪಿಸಿದರೆ ಅವರ ತಂದೆತಾಯಿಗಳು. ಆದರೆ ಕಳೆದ ಚೈತ್ರದಲ್ಲಿ ನನ್ನನ್ನು ಒಂದು ಶಬ್ದದ ಅರ್ಥ ಕೇಳಿದವರು ಕಾಪುವಿನ ಒಬ್ಬ ಮೇಸ್ತ್ರಿಗಳು. ಸಮುದ್ರದಿಂದ ಹೆಚ್ಚು ದೂರವಲ್ಲದ ತಮ್ಮ ಹಿತ್ತಿಲಿನಲ್ಲಿ ನನ್ನ ಭಾವನವರು ಒಂದು ಸಣ್ಣ ಮನೆಯನ್ನು ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಮಾಡು ಮುಗಿದಿತ್ತು. ಪಾಯಿಖಾನೆಯ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲಕ್ಕೆ ಇಂಗಿಸುವ ಏರ್ಪಾಡೊಂದೇ ಉಳಿದಿತ್ತು. ಅದಕ್ಕೆಂದು ಆಳುಗಳು ಹಿತ್ತಿಲ ಮರಳಿನಲ್ಲಿ ಒಂದು ಮೀಟರು ಅಗಲ, ಒಂಬತ್ತು ಮೀಟರು ಉದ್ದ, ಆಳಿನ ತಲೆ ಮುಳುಗುವಷ್ಟು ಆಳದ ಒಂದು ತಗ್ಗನ್ನು ತೋಡಿದ್ದರು. ತೋಡಿ ಮುಗಿಸುವಷ್ಟರಲ್ಲಿ ತಕರಾರು ಹುಟ್ಟಿತು.

"ಇದು ಕಣಿ. ಕಣಿಗೆ ಉದ್ದದ ಲೆಕ್ಕ" ಎಂದು ನನ್ನ ಭಾವ.

"ಇಷ್ಟು ಆಳ ಹೋದ ಮೇಲೆ ಎಂಥ ಕಣಿ ಮಾರಾಯ್ರೇ? ಇದು ಗುಂಡಿ. ಗುಂಡಿಗೆ ಮಣ್ಣಿನ ಲೆಕ್ಕ" ಎಂದು ಮೇಸ್ತ್ರಿಗಳು.

ಅಷ್ಟರಲ್ಲಿ ನಾನು ಹೋಗಿ ತಲುಪಿದೆ. "ಇಗೊ, ಕನ್ನಡ ಮಾಷ್ಟ್ರು ಬಂದರಲ್ಲ! ಅವರೇ ತೀರ್ಮಾನ ಹೇಳಲಿ. ಮಾಷ್ಟ್ರೇ, ಕಣಿ ಎಂದರೆ ಯಾವುದು, ಗುಂಡಿ ಎಂದರೆ ಯಾವುದು?" ಎಂದು ಮೇಸ್ತ್ರಿಗಳು ನನ್ನ ಕೈಗೆ ನ್ಯಾಯದಂಡವನ್ನು ಕೊಟ್ಟುಬಿಟ್ಟರು. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಮರುದಿನದಿಂದ ನಿಘಂಟುಗಳನ್ನು ತೆರೆದೆ. ಅದು ಸಾಲದೆ ಇಂಜಿನಿಯರರ ನಿಯಮಪುಸ್ತಕಗಳನ್ನೂ ತಂದು ಓದಿದೆ. ಓದಿ ತಿಳಿದುದನ್ನು ಮನೆವಂದಿಗರಾದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಮನೆ ಕಟ್ಟಿಸುವವರು, ಬಾವಿಯ ನೀರು ಕುಡಿಯುವವರು, ಆಳುಗಳನ್ನು ಕರೆದು ಹಿತ್ತಿಲಲ್ಲಿ ಅಗೆಸುವವರು, ಎಲ್ಲರಿಗೂ ಇದರಿಂದ ಉಪಯೋಗವಾದೀತೆಂದು ನನ್ನ ನಂಬಿಕೆ.

ಮೊದಲು ಶಬ್ದಗಳನ್ನು ನೋಡೋಣ. ಈ ವಿಷಯದಲ್ಲಿ ನಮ್ಮ ನುಡಿಗೆ ಬಡತನವಿಲ್ಲ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ನೀರು ಬಸಿದುಹೋಗಲೆಂದು ತೋಡುವುದು ಕಣಿ. ಉಜಿರುಕಣಿಯೆಂದೂ ಅದಕ್ಕೆ ಹೆಸರು. ಗುಡ್ಡದಿಂದ ಇಳಿದು ಬರುವ ನೀರಿನ ಹಾದಿ ತೋಡು. ಬೀದಿಯ ಕೊಳೆನೀರಿಗೆ ಚರಂಡಿ. ಕೋಟೆಯ ಸುತ್ತಲಿನದು ಕಂದಕ. ಸಂಸ್ಕೃತದಲ್ಲಿ ಪರಿಖೆ, ಹಳಗನ್ನಡದಲ್ಲಿ ಅಗೞ್. ಈ ಅಗೞ್ ಎಂಬುದು ಅಗೆಯುವ ಕ್ರಿಯೆಗೂ ಅಗೆದ ಸ್ಥಳಕ್ಕೂ ಸಲ್ಲುತ್ತಿದ್ದ ಮಾತು. ತಮಿಳು ತುಳುಗಳಲ್ಲಿಯೂ ಅದರ ಒಡಹುಟ್ಟುಗಳಿವೆ. ಕಂದಕವನ್ನು ಸಂಸ್ಕೃತವೆಂದು ಬಗೆಯುವವರು ಬಹಳ. ಅದು ಇರಾನಿನ ನುಡಿಯಲ್ಲಿ ಹುಟ್ಟಿ, ಅರಬ್ಬಿಯಲ್ಲಿ ಖಂದಕ್ ಎಂದಾಗಿ, ಸೈನ್ಯಗಳ ಜತೆಯಲ್ಲಿ ನಮ್ಮ ದೇಶಕ್ಕೆ ಬಂದ ಶಬ್ದ. ಆದರೂ ತೀರ ಪರಕೀಯವಲ್ಲ. ಅಗೆಯುವುದೆಂಬ ಅರ್ಥದ ಇರಾನಿನ ಧಾತುವೂ ಸಂಸ್ಕೃತದ 'ಖನ್' ಧಾತುವೂ ಒಂದೇ ಬೇರಿನವು.

ಅಗೆತಕ್ಕೆ ಶಾಸ್ತ್ರವೂ ನಮ್ಮಲ್ಲಿ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದವನಾದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಖಾತವ್ಯವಹಾರವೆಂಬ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಖಾತವೆಂದರೆ ತೋಡಿದ ತಗ್ಗು. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿಯೂ ಅದೇ ಹೆಸರಿನ ಪ್ರಕರಣವಿದೆ. ತಗ್ಗಿನ ಅಗಲ ಎಲ್ಲೆಡೆಯೂ ಸಮನಾಗಿಲ್ಲದಿದ್ದರೆ ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಬೇಕು; ಉದ್ದಕ್ಕೂ ಆಳಕ್ಕೂ ಹಾಗೆಯೇ ಮಾಡಿ, ಮೂರನ್ನೂ ಗುಣಿಸಿದರೆ ತೆಗೆದ ಮಣ್ಣಿನ ಪ್ರಮಾಣ ದೊರೆಯುತ್ತದೆ ಎಂಬುದು ಅಲ್ಲಿಯ ಕ್ರಮ. ಇಂದಿನ ಮೇಸ್ತ್ರಿಯ ಟೇಪೂ ಇದನ್ನೇ ಮಾಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯ ಪರಿಖೆಗಳ ಅಗಲ ಆಳಗಳು ನಿಗದಿಯಾಗಿರುವುದಲ್ಲದೆ, ಮನೆಯ ಬಚ್ಚಲುನೀರಿನ ಹಾದಿಯನ್ನು ನೆರೆಯವನ ಗೋಡೆಗೆ ತಗಲದಂತೆ ಅಂತರ ಬಿಟ್ಟು ಮಾಡಬೇಕೆಂದೂ, ತಪ್ಪಿದವನಿಗೆ 54 ಪಣಗಳ ದಂಡವೆಂದೂ ವಿಧಿಸಿದೆ. ನೆರೆಮನೆಯ ಮಾತು ಮುಂದೆ ಮತ್ತೆ ಬರಲಿರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಇಷ್ಟು ಶಬ್ದಗಳಿದ್ದರೂ ಮೇಸ್ತ್ರಿಗಳ ಪ್ರಶ್ನೆಗೆ ಉತ್ತರ ಬರಲಿಲ್ಲ. ಅವರು ಕೇಳಿದುದು ಪರ್ಯಾಯಪದವನ್ನಲ್ಲ, ಲಕ್ಷಣವನ್ನು. ಲಕ್ಷಣ ಹೇಳುವುದು ಎಷ್ಟು ಕಷ್ಟವೆಂಬುದನ್ನು ತರ್ಕಶಾಸ್ತ್ರ ಓದಿದವರೆಲ್ಲ ಬಲ್ಲರು. ಕೊಂಬಿರುವುದು ಹಸು ಎಂದರೆ ಎಮ್ಮೆಗೂ ಅನ್ವಯಿಸುತ್ತದೆ, ಇದು ಅತಿವ್ಯಾಪ್ತಿ. ಕಂದುಬಣ್ಣದ್ದು ಹಸು ಎಂದರೆ ಕರಿಯ ಹಸು ಹೊರಗುಳಿಯುತ್ತದೆ; ಇದು ಅವ್ಯಾಪ್ತಿ. ಸೀಳದ ಗೊರಸಿನದು ಹಸು ಎಂದರೆ ಯಾವ ಹಸುವೂ ಸಿಗದು, ಇದು ಅಸಂಭವ. ಕಣಿಗೂ ಇದೇ ಪಾಡು. ಅಗಲಕ್ಕಿಂತ ಉದ್ದ ಹೆಚ್ಚಾಗಿರುವ ತಗ್ಗು ಕಣಿ ಎಂದರೆ ಊರ ಹೊಳೆಯೂ ಕಣಿಯಾದೀತು. ಅಗಲಕ್ಕಿಂತ ಆಳ ಹೆಚ್ಚಿರಬೇಕು ಎಂದರೆ ಅಡಿಕೆ ತೋಟದ ಅರ್ಧ ಕಣಿಗಳು ಕಣಿಗಳಲ್ಲದೆ ಹೋದಾವು.

ಹಾಗಾದರೆ ಕಾಯಿದೆ, ನಿಯಮಗಳನ್ನು ಬರೆದವರು ಏನು ಮಾಡಿದರು? ಒಂದೇ ಲಕ್ಷಣವನ್ನು ಹುಡುಕುವ ಗೋಜಿಗೆ ಅವರು ಹೋಗಲಿಲ್ಲ. ಪ್ರತಿಯೊಂದು ನಿಯಮವೂ ಯಾವುದೋ ಒಂದನ್ನು ಕಾಪಾಡಲು ಹುಟ್ಟಿದೆ: ಒಂದು ಕೂಲಿಯ ಲೆಕ್ಕವನ್ನು, ಇನ್ನೊಂದು ಅಗೆಯುವವನ ಪ್ರಾಣವನ್ನು, ಮತ್ತೊಂದು ಕುಡಿಯುವ ನೀರನ್ನು. ಕಾಪಾಡಬೇಕಾದ ವಸ್ತು ಬದಲಾದಂತೆ ಕಣಿಯ ಲಕ್ಷಣವೂ ಬದಲಾಗುತ್ತದೆ. ಈ ಮೂರನ್ನು ಬೇರೆ ಬೇರೆಯಾಗಿ ನೋಡೋಣ.

ಕೂಲಿಯ ಲೆಕ್ಕ ಮೊದಲನೆಯದು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟಗಳ ಪ್ರಕಾರ, ಪಾಯ ಅಥವಾ ಚರಂಡಿಗಾಗಿ ಅಗೆದ ತಗ್ಗಿನ ಅಗಲ ಒಂದೂವರೆ ಮೀಟರನ್ನು ಮೀರದಿದ್ದರೆ, ಇಲ್ಲವೆ ಅದರ ಬಾಯಿಯ ವಿಸ್ತೀರ್ಣ 10 ಚದರ ಮೀಟರನ್ನು ಮೀರದಿದ್ದರೆ, ಆಳ ಎಷ್ಟೇ ಇರಲಿ, ಅದು ಕಣಿಯ ಅಗೆತ. ಎರಡನ್ನೂ ಮೀರಿ, 30 ಸೆಂಟಿಮೀಟರಿಗಿಂತ ಆಳ ಹೋದರೆ ಅದು ಬಯಲು ಅಗೆತ. 30 ಸೆಂಟಿಮೀಟರಿನೊಳಗೆ ನಿಂತರೆ ಬರಿಯ ಮೇಲ್ಮಣ್ಣಿನ ಕೆಲಸ. ಕೊಳವೆ, ತಂತಿಗಳನ್ನು ಹೂಳುವ ಕಣಿಗಳಿಗೆ ಬೇರೆ ಕಲಮು ಇದೆ. ಈ ಭೇದವನ್ನು ಏಕೆ ಮಾಡಿದರೆಂಬುದು ಪಿಕಾಸಿ ಹಿಡಿದವನಿಗೆ ಕೂಡಲೆ ತಿಳಿಯುತ್ತದೆ. ಬಯಲಿನಲ್ಲಿ ಆಳು ಕೈ ಬೀಸಿ ಅಗೆಯಬಹುದು, ಬುಟ್ಟಿ ಹೊತ್ತು ನಡೆದು ಹೋಗಬಹುದು. ಇಕ್ಕಟ್ಟಿನಲ್ಲಿ ಮೊಣಕೈ ಗೋಡೆಗೆ ತಾಗುತ್ತದೆ. ಮಣ್ಣನ್ನು ತಲೆಯ ಮೇಲಕ್ಕೆ ಎತ್ತಿ ಎಸೆಯಬೇಕು. ಒಂದೇ ಪ್ರಮಾಣದ ಮಣ್ಣಿಗೆ ಶ್ರಮ ಹೆಚ್ಚು; ಆದಕಾರಣ ದರವೂ ಬೇರೆ. ಪಾಯದ ಕಣಿಗೆ ಘನಮೀಟರಿನ ಲೆಕ್ಕ, ಕೊಳವೆಯ ಕಣಿಗೆ ಉದ್ದದ ಲೆಕ್ಕ. ಆದರೆ ಆಳ ಒಂದೂವರೆ ಮೀಟರು ದಾಟಿದರೆ ಎರಡಕ್ಕೂ ಹೆಚ್ಚುವರಿ ದರ ಸೇರುತ್ತದೆ.

ಭಾವನವರ ತಗ್ಗಿನ ಅಗಲ ಒಂದೇ ಮೀಟರು, ಬಾಯಿಯ ವಿಸ್ತೀರ್ಣ 9 ಚದರ ಮೀಟರು. ಸರಕಾರದ ಪುಸ್ತಕ ಖಾಸಗಿ ಮನೆಯನ್ನು ಕಟ್ಟುಪಾಡಿಗೆ ಒಳಪಡಿಸದಿದ್ದರೂ ನ್ಯಾಯಕ್ಕೆ ಆಧಾರವಾಗಬಲ್ಲದು. ಅದರಂತೆ ಹೆಸರಿನ ವಾದದಲ್ಲಿ ಭಾವ ಗೆದ್ದರು, ಹಣದ ವಾದದಲ್ಲಿ ಮೇಸ್ತ್ರಿಗಳು ಗೆದ್ದರು. ಕಣಿಯೇ ಹೌದು, ಆದರೆ ಹೆಚ್ಚಿನ ಆಳಕ್ಕೆ ಹೆಚ್ಚಿನ ಕೂಲಿ ಸಲ್ಲಬೇಕು. ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಲೇಖನ ಬರೆಯುತ್ತಿರಲಿಲ್ಲ.

ತಕರಾರು ನಡೆದ ದಿನವೇ ಮಧ್ಯಾಹ್ನ ಆಳುಗಳು ಊಟಕ್ಕೆಂದು ಮೇಲೆ ಬಂದರು. ಅಗೆದ ಮರಳನ್ನೆಲ್ಲ ಕಣಿಯ ಅಂಚಿನಲ್ಲಿಯೇ ರಾಶಿ ಹಾಕಿದ್ದರು. ನಾವು ಚಪ್ಪರದಡಿ ಮಜ್ಜಿಗೆ ಕುಡಿಯುತ್ತಿರುವಾಗ ಗೋಣಿ ಎಳೆದಂಥ ಒಂದು ಶಬ್ದ ಕೇಳಿಸಿತು. ಹೋಗಿ ನೋಡಿದರೆ ಒಂದು ಬದಿಯ ಗೋಡೆ ರಾಶಿಯ ಸಮೇತ ಒಳಕ್ಕೆ ಜಾರಿತ್ತು. ಆಳು ಗೋಡೆಗೆ ಒರಗಿಸಿ ಬಂದಿದ್ದ ಪಿಕಾಸಿಯ ಕಾವಿನ ತುದಿ ಮಾತ್ರ ಗೇಣುದ್ದ ಹೊರಗೆ ಕಾಣುತ್ತಿತ್ತು. ಮೇಸ್ತ್ರಿಗಳು ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿ ನಿಂತು ಕೆಲಸ ಮಾಡುತ್ತಿದ್ದವನು ಹತ್ತೊಂಬತ್ತು ವರ್ಷದ ಹುಡುಗ.

ಇದು ಎರಡನೆಯ ನಿಯಮದ ಕ್ಷೇತ್ರ. ಪ್ರಾಣರಕ್ಷಣೆಯ ದೃಷ್ಟಿಯಲ್ಲಿ ಕಣಿಯನ್ನು ಕಣಿಯಾಗಿ ಮಾಡುವುದು ಅದರ ಉದ್ದವಲ್ಲ. ಅಗಲದ ಕೊರತೆ ಮತ್ತು ಆಳ. ಗೋಡೆ ಕುಸಿದರೆ ಓಡಲು ಎಡೆಯಿಲ್ಲದಷ್ಟು ಇಕ್ಕಟ್ಟು, ಎದೆ ಮುಚ್ಚುವಷ್ಟು ಆಳ, ಇವೆರಡು ಕೂಡಿದಲ್ಲಿ ಅಪಾಯ. ಅಮೇರಿಕದ ಕಾರ್ಮಿಕ ಸುರಕ್ಷಾ ನಿಯಮದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ನೆಲಮಟ್ಟದ ಕೆಳಗೆ ಮಾಡಿದ ಇಕ್ಕಟ್ಟಾದ ಅಗೆತ, ಸಾಮಾನ್ಯವಾಗಿ ಅಗಲಕ್ಕಿಂತ ಆಳ ಹೆಚ್ಚು, ತಳದ ಅಗಲ 15 ಅಡಿಯನ್ನು ಮೀರದು. ಅಷ್ಟೇ ಅಲ್ಲ, ವಿಶಾಲವಾಗಿ ಅಗೆದ ಜಾಗದೊಳಗೆ ಗೋಡೆಯ ಅಚ್ಚು ಅಥವಾ ಕಟ್ಟಡ ಎದ್ದು, ಅದಕ್ಕೂ ಮಣ್ಣಿನ ದಂಡೆಗೂ ನಡುವೆ ಉಳಿದ ಸಂದು 15 ಅಡಿ ಅಥವಾ ಕಡಮೆಯಾದರೆ ಆ ಸಂದೂ ಕಣಿಯೇ. ನಿನ್ನೆ ಬಯಲಾಗಿದ್ದುದು ಇಂದು ಕಣಿಯಾಗಬಹುದೆಂಬ ಈ ಮಾತು ಬಹಳ ಯೋಚಿಸಿ ಬರೆದದ್ದು. ನೆಲಮಾಳಿಗೆಗಾಗಿ ಅಗೆದ ಜಾಗದಲ್ಲಿ ಮಣ್ಣಿನ ದಂಡೆಗೂ ಹೊಸ ಗೋಡೆಗೂ ನಡುವೆ ನುಸುಳಿ ಕೆಲಸ ಮಾಡುವವರು ನಮ್ಮಲ್ಲಿಯೂ ಇದ್ದಾರೆ. 2024ರ ಜುಲೈ ತಿಂಗಳ ಮಳೆಯಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕಟ್ಟಡದ ಕಾಮಗಾರಿಯ ಸ್ಥಳದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬನನ್ನು ಉಳಿಸಲು ಸಾಧ್ಯವಾಯಿತು, ಇನ್ನೊಬ್ಬನು ಮಡಿದನು.

ನಮ್ಮ ದೇಶದಲ್ಲಿ ಅಗೆತದ ಸುರಕ್ಷತೆಗೆಂದೇ ಐ.ಎಸ್. 3764 ಎಂಬ ಭಾರತೀಯ ಮಾನಕವಿದೆ. ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲಿಯೂ ಸುರಕ್ಷಾ ಸಂಹಿತೆಯೊಂದು ಸೇರಿರುತ್ತದೆ. ಅದರ ತಿರುಳನ್ನು ಮನೆ ಕಟ್ಟಿಸುವ ಪ್ರತಿಯೊಬ್ಬನೂ ಬಾಯಿಪಾಠ ಮಾಡಬೇಕು. ಕಣಿಯ ಆಳ 1.2 ಮೀಟರು, ಎಂದರೆ ನಾಲ್ಕಡಿ, ಆದೊಡನೆ ಏಣಿ ಇರಬೇಕು; ಪ್ರತಿ 30 ಮೀಟರು ಉದ್ದಕ್ಕೆ ಒಂದಾದರೂ ಬೇಕು, ಏಣಿಯ ತಲೆ ನೆಲದಿಂದ 90 ಸೆಂಟಿಮೀಟರು ಮೇಲೆ ಕಾಣಬೇಕು. ಆಳ ಒಂದೂವರೆ ಮೀಟರು, ಎಂದರೆ ಐದಡಿ, ತಲುಪಿದರೆ ಬದಿಗಳನ್ನು ಇಳಿಜಾರಾಗಿ ಮೆಟ್ಟಿಲು ಕಡಿಯಬೇಕು, ಇಲ್ಲವೆ ಹಲಗೆ ಮರಗಳ ಆಧಾರ ಕೊಟ್ಟು ಬಿಗಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರು, ಅಥವಾ ಕಣಿಯ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಮೇಲಿನಿಂದ ಕೆಳಕ್ಕೆ ಕಡಿಯಬೇಕೇ ಹೊರತು ಬುಡವನ್ನು ಕೊರೆದು ಮೇಲಿನದನ್ನು ಬೀಳಿಸಬಾರದು.

ಐದಡಿಯೇ ಏಕೆಂದು ಕೇಳಬಹುದು. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗೆ ಕಡಮೆ ತೂಗುವುದು ಅಪರೂಪ. ಅದು ಎದೆಯನ್ನು ಒತ್ತಿದಾಗ ಮನುಷ್ಯ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲಾರ. ಮುಖ ಹೊರಗಿದ್ದರೂ ಫಲವಿಲ್ಲ. ಆದಕಾರಣ ಐದಡಿಯ ಗೆರೆ. ಆದರೆ ಗೆರೆಯೊಳಗೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದು. ಮಣ್ಣು ಯಾವುದೆಂಬುದನ್ನು ನೋಡದೆ ಅಳತೆಪಟ್ಟಿಯನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ.

ಉಡುಪಿ ಸೀಮೆಯ ನೆಲದಲ್ಲಿ ಇದು ಇನ್ನಷ್ಟು ಸತ್ಯ. ಕಾಪುವಿನಿಂದ ಮಣಿಪಾಲಕ್ಕೆ ಹತ್ತಿ, ಅಲ್ಲಿಂದ ಕಾರ್ಕಳಕ್ಕೆ ಹೋದರೆ ಒಂದು ಹೊತ್ತಿನ ಪ್ರಯಾಣದಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಕಾಪುವಿನ ಕರೆಯದು ಮರಳು. ಹಸಿಯಿದ್ದಾಗ ಗೋಡೆಯಂತೆ ನಿಂತು, ಒಣಗಿದೊಡನೆ ಜಾರುತ್ತದೆ. ಮೂರಡಿಗೂ ಅದನ್ನು ನಂಬುವಂತಿಲ್ಲ. ಮಣಿಪಾಲದ್ದು ಮುರಕಲ್ಲಿನ ಗುಡ್ಡ. 1800-01ರಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಬಂದಿದೆ. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವ ಇದು ಗಾಳಿ ಬಿಸಿಲು ತಾಗಿದ ಮೇಲೆ ಬಿಗಿಯುತ್ತದೆ. ಮುರಕಲ್ಲಿನಲ್ಲಿ ಕಡಿದ ಕಣಿಯ ಬದಿ ಲಂಬವಾಗಿ ನಿಲ್ಲುವುದನ್ನು ನೋಡಿ ನಮಗೆ ಧೈರ್ಯ ಹೆಚ್ಚು. ಆದರೆ ಆ ಗಟ್ಟಿ ಪದರದ ಕೆಳಗೆ ನಮ್ಮವರು ಶೇಡಿ ಮಣ್ಣೆಂದು ಕರೆಯುವ ನುಣ್ಣನೆಯ ಬಿಳಿ, ನಸುಗೆಂಪು ಮಣ್ಣಿದೆ. ಬೇಸಗೆಯಲ್ಲಿ ಕಲ್ಲಿನಂತಿರುವ ಇದು ನೀರು ಕುಡಿದರೆ ಬಲಗುಂದುತ್ತದೆ. ಕಣಿ ಮುರಕಲ್ಲನ್ನು ದಾಟಿ ಶೇಡಿಗೆ ಇಳಿದಿದ್ದರೆ ಮೊದಲ ಮಳೆಯ ಮೇಲೆ ಅದರೊಳಗೆ ಆಳನ್ನು ಇಳಿಸಬಾರದು. ಇನ್ನು ಕಾರ್ಕಳ. 1432ರಲ್ಲಿ ಪ್ರತಿಷ್ಠೆಯಾದ ಗೊಮ್ಮಟನನ್ನು ಕೊಟ್ಟ ಕಗ್ಗಲ್ಲಿನ ಊರು ಅದು. ಬಿರುಕಿಲ್ಲದ ಬಂಡೆಯಲ್ಲಿ ಕೊರೆದ ಕಣಿ ಕುಸಿಯದು. ಅಮೇರಿಕದ ನಿಯಮವೂ ಸ್ಥಿರವಾದ ಬಂಡೆಗೆ ವಿನಾಯಿತಿ ಕೊಟ್ಟಿದೆ. ಆದರೆ ಅಗೆಯುವವನಿಗೆ ಕ್ಷೇಮವಾದ ಆ ಬಂಡೆಯೇ ಕೊಳೆನೀರಿನ ಕಣಿಗೆ ಒದಗದು. ಅದು ಹೇಗೆಂಬುದು ಮೂರನೆಯ ನಿಯಮದಿಂದ ತಿಳಿಯುತ್ತದೆ.

ಕೊಳೆನೀರಿನ ಶಾಸ್ತ್ರದಲ್ಲಿ ಕಣಿಯೆಂದರೆ ತಗ್ಗಲ್ಲ, ಸೋಸುವ ಒಂದು ಸಾಧನ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕೊಳೆತು ಗಸಿ ಕೆಳಗುಳಿಯುತ್ತದೆ, ತಿಳಿ ಹೊರಬರುತ್ತದೆ. ಅದು ಕಣ್ಣಿಗೆ ತಿಳಿಯಾದರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಶುದ್ಧಮಾಡುವುದು ಕಣಿಯ ಸುತ್ತಲಿನ ಮಣ್ಣು; ಗಾಳಿಯಾಡುವ ಒಣಮಣ್ಣಿನ ಕಣಗಳ ನಡುವೆ ನಿಧಾನವಾಗಿ ಇಳಿಯುವಾಗ ರೋಗಾಣುಗಳು ಅಲ್ಲಿಯೇ ತಡೆದು ಸಾಯುತ್ತವೆ. ಆದಕಾರಣ ಇಲ್ಲಿ ಕಣಿ ಆಳವಾಗಿರಬಾರದು, ಹರಡಿಕೊಂಡಿರಬೇಕು. ಐ.ಎಸ್. 2470 ಎಂಬ ಮಾನಕದ 1985ರ ಪರಿಷ್ಕರಣದಲ್ಲಿ ಇದರ ಅಳತೆಗಳಿವೆ: ಆಳ ಅರ್ಧ ಮೀಟರಿನಿಂದ ಒಂದು ಮೀಟರು; ಅಗಲ ಒಂದಡಿಯಿಂದ ಸುಮಾರು ಮೂರಡಿ; ತಳದಲ್ಲಿ 15ರಿಂದ 25 ಸೆಂಟಿಮೀಟರು ತೊಳೆದ ಜಲ್ಲಿ; ಅದರಲ್ಲಿ ಸಂದು ಬಿಟ್ಟು ಜೋಡಿಸಿದ ಕೊಳವೆ. ಒಂದು ಕಣಿ 30 ಮೀಟರಿಗಿಂತ ಉದ್ದವಾಗಬಾರದು; ಎರಡು ಕಣಿಗಳ ನಡುವೆ 1.8 ಮೀಟರಾದರೂ ಅಂತರವಿರಬೇಕು. ಕುಡಿಯುವ ನೀರಿನ ಬಾವಿಯಿಂದ 18 ಮೀಟರು, ಎಂದರೆ ಸುಮಾರು 60 ಅಡಿ, ವಾಸದ ಕಟ್ಟಡದಿಂದ 6 ಮೀಟರು ದೂರವಿರಬೇಕು.

ಜಾಗ ಸಾಲದೆ ಆಳದ ಇಂಗುಗುಂಡಿಯನ್ನೇ ಮಾಡಿದರೆ? ಅದಕ್ಕೂ ಅನುಮತಿಯುಂಟು, ಆದರೆ ನೆಲದ ಪರೀಕ್ಷೆ ಮಾಡಿದ ಮೇಲೆ. ಕಣಿ ಹೋಗಬೇಕಾದ ಆಳಕ್ಕೆ ಗೇಣಗಲದ ಒಂದು ಕುಳಿ ತೋಡಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಬೇಕು. ಮರುದಿನ ಮತ್ತೆ ನೀರು ಹೊಯ್ದು, ಮಟ್ಟ 25 ಮಿಲಿಮೀಟರು ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಬೇಕು. 30 ನಿಮಿಷದೊಳಗೆ ಇಳಿದರೆ ಗುಂಡಿಯೂ ಆದೀತು, ಕಣಿಯೂ ಆದೀತು. 30ರಿಂದ 60 ನಿಮಿಷವಾದರೆ ಕಣಿಯೇ ಆಗಬೇಕು. ಒಂದು ಗಂಟೆಯನ್ನೂ ಮೀರಿದರೆ ಆ ನೆಲ ಇಂಗಿಸಲು ಯೋಗ್ಯವಲ್ಲ, ಬೇರೆ ಬಗೆಯ ಸೋಸುವ ಏರ್ಪಾಡು ಬೇಕು. ಕಾರ್ಕಳದ ಬಂಡೆ ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವುದು ಹೀಗೆ. ಬಂಡೆಯಲ್ಲಿ ಬಿರುಕಿದ್ದರೆ ಇನ್ನೂ ಕೆಟ್ಟದು. ನೀರು ಸೋಸದೆ ನೇರವಾಗಿ ಓಡುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ನೆಲದೊಳಗಿನ ನೀರಿನ ಮಟ್ಟ. ಅದು ನೆಲದಿಂದ 180 ಸೆಂಟಿಮೀಟರಿನೊಳಗೆ ಬರುವ ಕಡೆ ಮಾನಕವು ವಿಚಿತ್ರವೆನಿಸುವ ಒಂದು ವಿಧಿಯನ್ನು ಹೇಳುತ್ತದೆ: ಕಣಿಯನ್ನು ನೆಲದ ಕೆಳಗೆ ತೋಡಬೇಡಿ, ಮಣ್ಣಿನ ದಿಣ್ಣೆಯನ್ನು ಏರಿಸಿ, ಅದರೊಳಗೆ, ಭಾಗಶಃ ಅಥವಾ ಪೂರ್ತಿಯಾಗಿ ನೆಲಮಟ್ಟದ ಮೇಲೆ ಮಾಡಿ! ನೆಲದ ಮೇಲಿದ್ದರೂ ಕಣಿ. ಯಾವ ನಿಘಂಟಿನಲ್ಲಿಯೂ ಇಂಥ ಅರ್ಥವಿಲ್ಲ. ಆದರೆ ಕಣಿಯ ಕೆಲಸ ಒಣಮಣ್ಣಿನಲ್ಲಿ ನೀರನ್ನು ಸೋಸುವುದಾದ್ದರಿಂದ, ಒಣಮಣ್ಣು ಎಲ್ಲಿದೆಯೋ ಅಲ್ಲಿ ಕಣಿ ಇರಬೇಕಾದುದು ನ್ಯಾಯವೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಚೈತ್ರದಲ್ಲಿ ಹಗ್ಗ ಸಾಲದೆ ಹೋಗುವ ಬಾವಿಯಲ್ಲಿ ಆಟಿ ತಿಂಗಳಿನಲ್ಲಿ ಬಗ್ಗಿ ಕೊಡ ಮುಳುಗಿಸಬಹುದು. ಬೇಸಗೆಯಲ್ಲಿ ತೋಡಿದ ಒಣಕಣಿ ಮಳೆಗಾಲದಲ್ಲಿ ಎಲ್ಲಿರುತ್ತದೆಂಬುದನ್ನು ಆಗಲೇ ಯೋಚಿಸಬೇಕು.

ನಾನೇ ಯೋಚಿಸಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮಣಿಪಾಲದ ಸಮೀಪ ಮನೆ ಕಟ್ಟಿಸಿದಾಗ ಬಾವಿಯಿಂದ ಮೂವತ್ತು ಅಡಿ ದೂರದಲ್ಲಿ ನಾಲ್ಕಡಿ ಅಗಲ, ಹದಿನಾಲ್ಕು ಅಡಿ ಆಳದ ಗುಂಡಿಯನ್ನು ಮುರಕಲ್ಲಿನಲ್ಲಿ ಕಡಿಸಿದೆ. ಎಷ್ಟು ನೀರು ಬಿಟ್ಟರೂ ಅದು ತುಂಬುತ್ತಿರಲಿಲ್ಲ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಮೂರನೆಯ ಮಳೆಗಾಲದಲ್ಲಿ ಬಾವಿಯ ನೀರಿಗೆ ಒಂದು ಬಗೆಯ ವಾಸನೆ ಬಂತು. ಮಕ್ಕಳ ಹೊಟ್ಟೆ ಕೆಟ್ಟುದು ವಾಸಿಯಾಗಲಿಲ್ಲ. ನೀರನ್ನು ಪರೀಕ್ಷೆಗೆ ಕೊಟ್ಟಾಗ ಕುಡಿಯಲು ಯೋಗ್ಯವಲ್ಲವೆಂದು ಬರೆದು ಬಂತು. ಮುರಕಲ್ಲಿನ ಮೈತುಂಬ ತೂತುಗಳು. ಅದರಲ್ಲಿ ನೀರು ಸೋಸುವುದಕ್ಕಿಂತ ಹರಿಯುವುದೇ ಹೆಚ್ಚು. ಗುಂಡಿ ತುಂಬದೆ ಇದ್ದುದು ಬಾವಿಗೆ ದಾರಿ ಕಂಡುಕೊಂಡಿದ್ದರಿಂದ. ಅದೇ ನೀರನ್ನು ನನ್ನ ತಾಯಿ ದಿನವೂ ತುಳಸಿಗೆ ಎರೆಯುತ್ತಿದ್ದರು. ಒಂದು ವರ್ಷ ಕಾಲ ನೆರೆಮನೆಯ ಬಾವಿಯಿಂದ ಕೊಡ ಹೊತ್ತೆವು. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಜಾಗ ತೋರಿಸಿದವನೂ, ಇನ್ನೂ ಆಳ ಹೋಗಲಿ ಎಂದವನೂ ನಾನೇ.

ನೀರನ್ನು ನೆಲದೊಳಗೆ ಬಿಡುವುದರ ಬಗ್ಗೆ ಅಮೇರಿಕದಲ್ಲಿರುವ ನಿಯಮವೊಂದನ್ನು ಓದಿದಾಗ ಈ ಪ್ರಸಂಗ ನೆನಪಾಯಿತು. ಬಾಯಿಯ ಅತ್ಯಂತ ದೊಡ್ಡ ಅಳತೆಗಿಂತ ಆಳ ಹೆಚ್ಚಾಗಿರುವ ತೋಡಿದ ತಗ್ಗನ್ನು ಅಲ್ಲಿ ಬಾವಿಯೆಂದೇ ಕರೆಯುತ್ತಾರೆ. ಒಂಟಿ ಮನೆಗಳ ಟ್ಯಾಂಕಿಗೆ ಆ ನಿಯಮ ಅಲ್ಲಿಯೂ ತಗಲುವುದಿಲ್ಲ. ಆದರೆ ವ್ಯಾಖ್ಯೆಯಲ್ಲಿ ಸತ್ಯವಿದೆ. ನಾಲ್ಕಡಿ ಅಗಲ, ಹದಿನಾಲ್ಕು ಅಡಿ ಆಳದ ನನ್ನ ಇಂಗುಗುಂಡಿ ಲಕ್ಷಣದಿಂದ ಬಾವಿಯೇ ಆಗಿತ್ತು. ನನ್ನ ಹಿತ್ತಿಲಲ್ಲಿ ಎರಡು ಬಾವಿಗಳಿದ್ದುವು. ಒಂದರಲ್ಲಿ ಕೊಳೆ ಸುರಿದು ಇನ್ನೊಂದರಿಂದ ಸೇದುತ್ತಿದ್ದೆವು. ನಮ್ಮ ದೇಶದ 1974ರ ಜಲಮಾಲಿನ್ಯ ನಿವಾರಣೆಯ ಕಾಯಿದೆಯಲ್ಲಿಯೂ ಇಂಥ ಒಂದು ದೂರದೃಷ್ಟಿಯ ಮಾತಿದೆ. ಅಲ್ಲಿ ಹೊಳೆ ಎಂಬ ಶಬ್ದದೊಳಗೆ ನದಿ, ಬತ್ತಿದ ತೊರೆ, ಕೆರೆ ಮಾತ್ರವಲ್ಲದೆ ನೆಲದೊಳಗಿನ ನೀರೂ ಸೇರಿದೆ. ಕಣ್ಣಿಗೆ ಕಾಣುವ ಸ್ವರ್ಣೆಗೆ ಕೊಳೆ ಸುರಿಯಲು ನಾಚುವವನು ಕಾಣದ ಹೊಳೆಗೆ ಸುರಿಯಲು ಏಕೆ ನಾಚಬಾರದು?

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಮಳೆನೀರನ್ನು ಇಂಗಿಸುವ ಗುಂಡಿ, ಕಣಿಗಳು ಈಗ ಮನೆಮನೆಯಲ್ಲಿಯೂ ಇವೆ. ಅದು ಒಳ್ಳೆಯ ಕೆಲಸ. ಮಾಡಿನ ಶುದ್ಧ ನೀರು ಬಾವಿಯ ಹತ್ತಿರ ಇಂಗಿದಷ್ಟೂ ಲಾಭ. ಆದರೆ ಹೇಗೂ ಗುಂಡಿ ಇದೆಯಲ್ಲ ಎಂದು ಬಚ್ಚಲ ನೀರನ್ನೋ ಟ್ಯಾಂಕಿನ ನೀರನ್ನೋ ಅದಕ್ಕೆ ತಿರುಗಿಸಿದರೆ, ಆಕಾರ ಅದೇ, ಅಳತೆ ಅದೇ, ಫಲ ಮಾತ್ರ ವಿಪರೀತ.

ಈಗ ಕಾಪುವಿಗೆ ಮರಳೋಣ. ಪುಸ್ತಕಗಳನ್ನು ಓದಿ ಮುಗಿಸಿ ಮುಂದಿನ ಭಾನುವಾರ ಹೋದೆ. ಕಣಿಯಿಂದ ಭಾವನವರ ಬಾವಿಗೆ ಟೇಪು ಹಿಡಿದೆವು. 22 ಮೀಟರು, ತೊಂದರೆಯಿಲ್ಲ. ಅಷ್ಟರಲ್ಲಿ ಮೇಸ್ತ್ರಿಗಳೇ, "ಅಲ್ಲ ಮಾಷ್ಟ್ರೇ, ಆಚೆ ಮನೆಯ ಬಾವಿ?" ಎಂದರು. ಪಾಗಾರದಾಚೆ ತೆಂಗಿನ ಗಿಡಗಳ ಮರೆಯಲ್ಲಿ ನೆರೆಯವರ ಬಾವಿಯಿತ್ತು. ಅಳೆದರೆ 11 ಮೀಟರು! ನಾವು ಮೂವರೂ ನಮ್ಮ ನಮ್ಮ ಲೆಕ್ಕದಲ್ಲಿ ಮುಳುಗಿ, ಆ ಮನೆಯವರನ್ನು ಮರೆತೇಬಿಟ್ಟಿದ್ದೆವು. ಕೌಟಿಲ್ಯನಾದರೆ 54 ಪಣ ದಂಡ ಹಾಕುತ್ತಿದ್ದನೋ ಏನೋ!

ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಚ್ಚಿಬಿಡಿ" ಎಂದರು. ಅಗೆದ ಕೂಲಿಯನ್ನು ಆಳದ ಲೆಕ್ಕ ಸೇರಿಸಿ ಕೊಟ್ಟರು. ಮುಚ್ಚಿದ ಕೂಲಿಯನ್ನು ಮೇಸ್ತ್ರಿಗಳು ಅರ್ಧ ಬಿಟ್ಟರು. ಮನೆಯ ಎದುರಿನ ಅಂಗಳದ ಬದಿಯಲ್ಲಿ, ಎರಡೂ ಬಾವಿಗಳಿಗೆ ದೂರವಾಗಿ, ಮೊಣಕಾಲೆತ್ತರದ ದಿಣ್ಣೆ ಏರಿಸಿ, ಜಲ್ಲಿ ಹಾಸಿ, ಕೊಳವೆ ಹೂಳಿದರು. ಟ್ಯಾಂಕಿನ ನೀರು ಅಷ್ಟು ಎತ್ತರಕ್ಕೆ ತಾನಾಗಿ ಏರದಾದ್ದರಿಂದ ಒಂದು ಸಣ್ಣ ಪಂಪನ್ನೂ ಇಡಬೇಕಾಯಿತು. ಖರ್ಚು ಹೆಚ್ಚಾಯಿತೆಂಬುದು ನಿಜ. ಈಗ ಅದರ ಮೇಲೆ ಹುಲ್ಲು ಬೆಳೆದಿದೆ.

ಮೇಸ್ತ್ರಿಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ತಗ್ಗಿನ ಹೆಸರನ್ನು ಕೇಳುವ ಮೊದಲು ಐದು ಸಂಗತಿಗಳನ್ನು ಕೇಳಬೇಕು. ಅಗಲವೆಷ್ಟು? ಆಳವೆಷ್ಟು? ಒಳಗೆ ಇಳಿಯುವವರು ಯಾರು, ಅವರು ಮೇಲೆ ಬರುವುದು ಹೇಗೆ? ಅದರಲ್ಲಿ ಹರಿಯುವುದೇನು? ಸುತ್ತಲಿನ ಬಾವಿಗಳು, ನಮ್ಮವು ಮಾತ್ರವಲ್ಲ, ನೆರೆಯವರವೂ, ಎಷ್ಟು ದೂರದಲ್ಲಿವೆ? ಈ ಐದಕ್ಕೂ ಉತ್ತರ ದೊರೆತರೆ ಅದನ್ನು ಕಣಿಯೆನ್ನಿ, ಗುಂಡಿಯೆನ್ನಿ, ಬಾಧಕವಿಲ್ಲ. ಉತ್ತರ ದೊರೆಯದಿದ್ದರೆ ಪಿಕಾಸಿಯನ್ನು ಒಂದು ದಿನ ಗೋಡೆಗೆ ಒರಗಿಸಿಡುವುದು ಲೇಸು. ಮುಂಗಾರು ಕೇರಳವನ್ನು ಮುಟ್ಟಿತೆಂದು ಬಾನುಲಿಯಲ್ಲಿ ಕೇಳಿಬರುವುದಕ್ಕೆ ಮೊದಲೇ ಈ ವಿಚಾರಣೆ ಮುಗಿಯಲಿ. ಆಮೇಲೆ ನಮ್ಮ ಕಡೆಯ ನೆಲ ಯಾರ ಮಾತನ್ನೂ ಕೇಳುವುದಿಲ್ಲ.